ಸೊನ್ನೆಗೆ ಸೊನ್ನೆ

ಮೋರಟಗಿಯಲ್ಲಿದ್ದು ಫುಟ್‌ಬಾಲಿನ ಹುಚ್ಚು ಹಚ್ಚಿಕೊಂಡವನಿಗೆ ಒಂದು ಅನುಕೂಲವಿದೆ. ಊರಲ್ಲಿ ಯಾರೂ ಅವನ ಸಂಗಡ ವಾದಕ್ಕೆ ಬರುವುದಿಲ್ಲ. ಕ್ರಿಕೆಟ್ಟಿನ ಮಾತೆತ್ತಿ ನೋಡಿ, ಕಟ್ಟೆಯ ಮೇಲೆ ಕೂತವರೆಲ್ಲ ಆಯ್ಕೆ ಸಮಿತಿಯ ಸದಸ್ಯರೇ. ಕುಸ್ತಿ ಅಂದರೆ ಪ್ರತಿಯೊಬ್ಬರ ಮನೆಯಲ್ಲೂ ಒಬ್ಬ ಪೈಲ್ವಾನ ಮುತ್ಯಾ ಆಗಿಹೋಗಿರುತ್ತಾನೆ. ಸೈಕಲ್ ಅಂದರೆ ಕೇಳುವುದೇ ಬೇಡ, ವಿಜಯಪುರದ ಸೈಕಲ್ ಹುಡುಗರು ದೇಶಕ್ಕೆಲ್ಲ ಗೊತ್ತು. ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುವವನ ಸುತ್ತ ನಿಂತ ಮಂದಿಗೆ ಅವನ ಸೊಂಟದ ಮೇಲೂ ಅಭಿಪ್ರಾಯವಿದೆ, ಅವನು ಮುಂಜಾನೆ ತಿಂದ ರೊಟ್ಟಿಯ ಮೇಲೂ ಅಭಿಪ್ರಾಯವಿದೆ. ಫುಟ್‌ಬಾಲ್ ಅಂದರೆ ಮಾತ್ರ, "ನೀ ಅಂದಂಗ ಇರಬೇಕ ಬಿಡಪಾ" ಎಂದು ಚಹಾದ ಕಪ್ಪು ಇಟ್ಟು ಎದ್ದು ಹೋಗುತ್ತಾರೆ. ಹೀಗಾಗಿ ಸುತ್ತ ಹತ್ತು ಹಳ್ಳಿಗೆ ಈ ವಿಷಯದಲ್ಲಿ ನನ್ನದೇ ಕೊನೆಯ ಮಾತು. ಕೇಳುವವರಿಲ್ಲ ಅನ್ನುವುದು ಬೇರೆ ಮಾತು.

ಮಗ್ಗಲಮನಿ ಕಾಕಾ ಒಬ್ಬರು ಕೇಳುತ್ತಾರೆ. 2024ರ ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ಎದುರು ಭಾರತ ತಂಡದ ನಾಯಕ ಸುನಿಲ್ ಚೆಟ್ರಿಯ ವಿದಾಯದ ಪಂದ್ಯ. ನಾನು ಮಾಳಿಗೆಯ ಮೇಲೆ ಫೋನು ಹಿಡಿದು ಕೂತು, ಮುಗಿದ ಮೇಲೆ ಮುಖ ಸಣ್ಣದು ಮಾಡಿಕೊಂಡು ಕೆಳಗಿಳಿದೆ.

"ಎಷ್ಟಾತೊ?" ಎಂದರು ಕಾಕಾ.

"ಸೊನ್ನೆಗೆ ಸೊನ್ನೆ, ಕಾಕಾ."

"ಎಷ್ಟೊತ್ತು ಆಡಿದ್ರು?"

"ತೊಂಬತ್ತು ಮಿನಿಟು. ಮ್ಯಾಲ ಮತ್ತೊಂದೀಟು."

"ಮ್ಯಾಲಿಂದ ಯಾತಕ್ಕ?"

"ನಡುವ ಹಾಳಾದ ಟೈಮ ತಿರುಗಿ ಕೊಡ್ತಾರ್ರಿ."

ಕಾಕಾ ಎಲೆಗೆ ಸುಣ್ಣ ಹಚ್ಚುತ್ತ ವಿಚಾರ ಮಾಡಿದರು. "ಹಂಗಾರ ಆ ತೊಂಬತ್ತು ಮಿನಿಟ ಯಾರ ಕೊಡ್ತಾರ?"

(ಚೆಟ್ರಿ 2025ರಲ್ಲಿ ನಿವೃತ್ತಿ ಬಿಟ್ಟು ಮತ್ತೆ ತಂಡಕ್ಕೆ ಬಂದ. ಅದನ್ನು ಕಾಕಾಗೆ ಹೇಳಿದಾಗ ಅವರಿಗೇನೂ ಅನ್ನಿಸಲಿಲ್ಲ. ರಾಜಕೀಯದಿಂದ ನಿವೃತ್ತನಾದೆ ಎಂದು ಹೇಳಿ ಮರುಚುನಾವಣೆಗೆ ಫಾರ್ಮು ತುಂಬಿದವರನ್ನು ಅವರು ಸಾಕಷ್ಟು ಕಂಡವರು.)

ನನಗೆ ಈ ಹುಚ್ಚು ಹತ್ತಿದ್ದು ವಾಸ್ಕೋದಲ್ಲಿ. ಮಳೆ ಕೈಕೊಟ್ಟ ವರ್ಷ ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಾಗೇವಾಡಿ ಕಡೆಯ ಮಂದಿಗೆ ಇರುವ ದಾರಿ ಮೂರು ನಾಲ್ಕೇ: ಪುಣೆ, ಮುಂಬೈ, ಬೆಂಗಳೂರು, ಇಲ್ಲದಿದ್ದರೆ ಗೋವಾ. ಗೋವಾಕ್ಕೆ ಹೋದವರು ಬಂದರಿನ ಮಗ್ಗಲು, ಬೈನಾ, ಝುವಾರಿನಗರ, ಮಾಂಗೋರ್ ಗುಡ್ಡ ಅಂತ ತಗಡಿನ ಕೆಳಗೆ ಸಂಸಾರ ಹೂಡುತ್ತಾರೆ. ಗೋವಾದವರು ಕಟ್ಟಿಸಿದ ಮನೆಗಳಿಗೆಲ್ಲ ನಮ್ಮವರ ತಲೆಯ ಮೇಲಿನ ಬುಟ್ಟಿಯೇ ಆಧಾರ. ವಯಸ್ಸಿನಲ್ಲಿ ನಾನೂ ಒಂದಷ್ಟು ಕಾಲ ಅಲ್ಲಿದ್ದೆ. ರವಿವಾರ ಕೈಯಲ್ಲಿ ರೊಕ್ಕ ಇಲ್ಲದವನು ಎಲ್ಲಿ ಹೋಗಬೇಕು? ತಿಲಕ್ ಮೈದಾನಕ್ಕೆ. ಅಲ್ಲಿ ನನ್ನ ಮಗ್ಗಲು ಕೂತ ಮೀನಿನ ಬುಟ್ಟಿಯ ಮುದುಕಿ ರೆಫರಿಗೆ ಕೊಂಕಣಿಯಲ್ಲಿ ಬೈಯುತ್ತಿದ್ದಳು. ನನಗೆ ಕೊಂಕಣಿ ಬರುತ್ತಿರಲಿಲ್ಲ, ಆದರೂ ಒಂದಕ್ಷರ ಬಿಡದೆ ತಿಳಿಯಿತು. ಆವತ್ತಿನಿಂದ ನಾನು ಸಾಲಗಾಂವ್‌ಕರ್ ತಂಡದವನು. ಆ ತಂಡ 1998-99ರಲ್ಲಿ ರಾಷ್ಟ್ರೀಯ ಲೀಗ್ ಗೆದ್ದಾಗ, ಗೆಲ್ಲಿಸಿದವರ ಪೈಕಿ ಒಬ್ಬನಂತೆ ಮೋರಟಗಿ ಬಸ್‌ ಸ್ಟ್ಯಾಂಡಿನಲ್ಲಿ ತಿರುಗಾಡಿದ್ದೆ. ಯಾರೂ ಗುರುತಿಸಲಿಲ್ಲ.

ಆಟದಲ್ಲಿ ರಾಜಕೀಯ ತರಬೇಡಿರಪ್ಪಾ ಎನ್ನುವವರು ಒಮ್ಮೆ ಗೋವಾ ನೋಡಬೇಕು. ಅಲ್ಲಿ ಚರ್ಚಿಲ್ ಅಲೆಮಾವ್ ಅಂತ ಒಬ್ಬರು. 1990ರಲ್ಲಿ ಎರಡೂವರೆ ವಾರದಷ್ಟು ಕಾಲ ಮುಖ್ಯಮಂತ್ರಿಯಾಗಿದ್ದರು. ಅವರ ಕುಟುಂಬದ ತಂಡ ಚರ್ಚಿಲ್ ಬ್ರದರ್ಸ್ ಆಮೇಲೆ ಎರಡು ಸಲ ಐ-ಲೀಗ್ ಗೆದ್ದಿತು. ಸರ್ಕಾರಕ್ಕಿಂತ ತಂಡವೇ ಹೆಚ್ಚು ಬಾಳಿಕೆ ಬಂದಂತಾಯಿತು. ದೆಹಲಿಯಲ್ಲೂ ಇದೇ ಹಾಡು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿಗೆ 1988ರಿಂದ 2008ರ ತನಕ ಕಾಂಗ್ರೆಸ್ಸಿನ ಪ್ರಿಯರಂಜನ್ ದಾಸ್‌ಮುನ್ಶಿ ಅಧ್ಯಕ್ಷರು. ಅವರು ಹಾಸಿಗೆ ಹಿಡಿದ ಮೇಲೆ ಎನ್‌ಸಿಪಿಯ ಪ್ರಫುಲ್ ಪಟೇಲ್ ಬಂದರು, 2022ರ ತನಕ ಕೂತರು. ಮೂವತ್ತು ವರ್ಷದ ಮೇಲ್ಪಟ್ಟು ಎರಡೇ ಹೆಸರು. ನಮ್ಮ ಹಾಲಿನ ಡೇರಿಯಲ್ಲಾದರೂ ಐದು ವರ್ಷಕ್ಕೊಮ್ಮೆ ಜಗಳವಾಗುತ್ತದೆ.

ರಾಜಕಾರಣಿಗಳನ್ನು ಬರೀ ಬೈಯಬೇಕೆಂದು ಈ ಮಾತು ತೆಗೆದಿಲ್ಲ. ನಮ್ಮ ಸಿಂದಗಿಯ ಎಂ.ಸಿ. ಮನಗೂಳಿಯವರು ಗುತ್ತಿಬಸವಣ್ಣ ಏತ ನೀರಾವರಿ ಆಗುವ ತನಕ ಕಾಲಿಗೆ ಚಪ್ಪಲಿ ಹಾಕುವುದಿಲ್ಲವೆಂದು ಶಪಥ ಮಾಡಿ ಬರಿಗಾಲಲ್ಲಿ ತಿರುಗಿದವರು. ಬೇಸಿಗೆಯಲ್ಲಿ ಈ ಎರೆಭೂಮಿಯ ಮೇಲೆ ಬರಿಗಾಲಲ್ಲಿ ನಾಲ್ಕು ಹೆಜ್ಜೆ ಇಟ್ಟವರಿಗಷ್ಟೇ ಆ ಶಪಥದ ತೂಕ ಗೊತ್ತು. ಅವರನ್ನು ಕಂಡಾಗಲೆಲ್ಲ ನನಗೆ 1948ರ ಲಂಡನ್ ಒಲಿಂಪಿಕ್ಸ್ ನೆನಪಾಗುತ್ತಿತ್ತು. ಸ್ವತಂತ್ರ ಭಾರತದ ತಂಡ ಫ್ರಾನ್ಸಿನ ಎದುರು ಇಳಿದಾಗ ಹೆಚ್ಚಿನವರ ಕಾಲಲ್ಲಿ ಬೂಟಿರಲಿಲ್ಲ. ಎರಡು ಪೆನಾಲ್ಟಿ ಹಾಳು ಮಾಡಿಕೊಂಡು 2-1ರಿಂದ ಸೋತೆವು. ಆ ಒಂದು ಗೋಲು ಹೊಡೆದವನು ಬೆಂಗಳೂರಿನ ಸಾರಂಗಪಾಣಿ ರಾಮನ್. 1952ರಲ್ಲಿ ಹೆಲ್ಸಿಂಕಿಯಲ್ಲಿ ಯುಗೋಸ್ಲಾವಿಯದವರು ನಮಗೆ ಹತ್ತು ಬಾರಿಸಿದರು. ಅಲ್ಲೂ ನಮ್ಮ ಒಂದೇ ಒಂದು ಗೋಲು ಬೆಂಗಳೂರಿನ ಅಹ್ಮದ್ ಖಾನನದು. ಅದಾದ ಮೇಲೆಯೇ ಬೂಟು ಕಡ್ಡಾಯವಾಯಿತು. ನಡುವೆ 1950ರ ವಿಶ್ವಕಪ್ಪಿಗೆ ಅವಕಾಶ ಬಂದರೂ ಹೋಗಲಿಲ್ಲ. ಬರಿಗಾಲಿಗೆ ಫಿಫಾ ಒಪ್ಪಲಿಲ್ಲವೆಂದು ಇವತ್ತಿಗೂ ಹೇಳುತ್ತಾರೆ. ಅಸಲು ಸಂಗತಿ ಬೇರೆ. ಬ್ರೆಜಿಲ್ ದೂರ, ಒಲಿಂಪಿಕ್ಸೇ ದೊಡ್ಡದು, ವಿಶ್ವಕಪ್ ಯಾರಿಗೆ ಬೇಕು ಎಂಬ ಲೆಕ್ಕ ಮೇಲಿನವರದು. ತಪ್ಪು ತಲೆಯದು, ಹೆಸರು ಕಾಲಿನದು.

ಇನ್ನು ಆ ರೋಗದ ಕಾಲ. ದೇಶದ ಮೊದಲ ಕೊರೋನಾ ಸಾವು ಆದದ್ದು ನಮ್ಮ ಮಗ್ಗಲಿನ ಕಲಬುರಗಿಯಲ್ಲಿ, 2020ರ ಮಾರ್ಚ್ 10ರಂದು. ಅಲ್ಲಿಯವರೆಗೆ ನನ್ನ ಪಾಲಿಗೆ ಅದು ಇಟಲಿಯ ಸುದ್ದಿ. ಫೆಬ್ರುವರಿ 19ರಂದು ಮಿಲಾನಿನಲ್ಲಿ ಅಟಲಾಂಟ ಮತ್ತು ವೆಲೆನ್ಸಿಯಾ ಪಂದ್ಯ ನೋಡಲು ಬೆರ್ಗಾಮೊ ಊರಿನವರು ಸಾವಿರಾರು ಮಂದಿ ಹೋಗಿ, ಕುಣಿದು, ಅಪ್ಪಿಕೊಂಡು ಬಂದದ್ದು, ಆಮೇಲೆ ಆ ಊರಲ್ಲಿ ಹೆಣ ಸಾಗಿಸಲು ಮಿಲಿಟರಿ ಲಾರಿ ಬಂದದ್ದು ಓದಿದ್ದೆ. ಆಟ ಅಂದಮೇಲೆ ಅಪ್ಪಿಕೊಳ್ಳದೆ ಇರಲಿಕ್ಕಾಗುವುದಿಲ್ಲ, ಅದೇ ಅವರಿಗೆ ಮುಳುವಾಯಿತು. ಇಲ್ಲಿ ಕಲಬುರಗಿಯ ಸುದ್ದಿ ಬಂದದ್ದೇ ಜೇವರ್ಗಿ ಕಡೆಯಿಂದ ಬರುವ ಬಸ್ಸನ್ನು ಮಂದಿ ನೋಡುವ ಪರಿಯೇ ಬದಲಾಯಿತು. ಮಾರ್ಚ್ 14ಕ್ಕೆ ಇಂಡಿಯನ್ ಸೂಪರ್ ಲೀಗ್, ಅಂದರೆ ಐಎಸ್‌ಎಲ್ ಫೈನಲ್ ಗೋವಾದ ಫತೋರ್ಡಾದಲ್ಲಿ ಖಾಲಿ ಕುರ್ಚಿಗಳ ಮುಂದೆ ನಡೆಯಿತು. ಕೋಲ್ಕತ್ತದ ಎಟಿಕೆ ಗೆದ್ದಿತು, ಕಪ್ಪು ಎತ್ತಿತು, ಚಪ್ಪಾಳೆ ಇಲ್ಲ. ಆಮೇಲೆ ಎಲ್ಲವೂ ಬಂದ್. ಊರಿನ ಹುಡುಗರು ಜಾಲಿಕಂಟಿ ಕಡಿದು ತಂದು ದಾರಿಗೆ ಹಾಕಿದರು. ಒಳಗಿನವರು ಹೊರಗೆ ಹೋಗುವಂತಿಲ್ಲ, ಹೊರಗಿನವರು ಒಳಗೆ ಬರುವಂತಿಲ್ಲ. ಆಫ್‌ಸೈಡ್ ಗೆರೆ ಊರಿಗೆಲ್ಲ ತಿಳಿದದ್ದು ಅದೊಂದೇ ಸಲ.

ಜಗತ್ತೆಲ್ಲ ಆಟ ನಿಲ್ಲಿಸಿದಾಗ ಯುರೋಪಿನಲ್ಲಿ ಬೆಲಾರುಸ್ ಒಂದೇ ಆಡುತ್ತಿತ್ತು. ಅದಕ್ಕೆ ಮೊದಲು ಆ ದೇಶದ ಹೆಸರು ನಾನು ಕೇಳಿರಲಿಲ್ಲ. ಹಸಿದವನಿಗೆ ಹಳಸಿದ್ದೂ ಅಮೃತ ಎಂದು ಅವರ ಲೀಗನ್ನೇ ಫೋನಿನಲ್ಲಿ ಹಚ್ಚಿಕೊಂಡು ಕೂತೆ. ದಿನಾಮೊ ಬ್ರೆಸ್ಟ್ ತಂಡದವರು ಗ್ಯಾಲರಿಯಲ್ಲಿ ಬಟ್ಟೆ ಅಂಗಡಿಯ ಗೊಂಬೆಗಳನ್ನು ಕೂರಿಸಿ, ರೊಕ್ಕ ಕೊಟ್ಟವರ ಮುಖದ ಫೋಟೋ ಅವುಗಳಿಗೆ ಅಂಟಿಸಿದ್ದರು. ಆ ದೇಶದ ಅಧ್ಯಕ್ಷ ಲುಕಶೆಂಕೊ, 1994ರಿಂದ ಕುರ್ಚಿ ಬಿಡದ ಮನುಷ್ಯ, ರೋಗಕ್ಕೆ ಮದ್ದು ಹೇಳಿದ್ದು ಕೇಳಿ ನಾನು ಬೆರಗಾದೆ: ಹೊಲಕ್ಕೆ ಹೋಗಿರಿ, ಟ್ರ್ಯಾಕ್ಟರ್ ಎಲ್ಲರನ್ನೂ ಗುಣ ಮಾಡುತ್ತದೆ. ಕಾಕಾಗೆ ಓದಿ ಹೇಳಿದೆ. ಅವರ ಮನೆಯ ಟ್ರ್ಯಾಕ್ಟರಿನ ಕಂತು ಬಾಕಿ ಇತ್ತು. "ಗುಣ ಮಾಡೂದಲ್ಲೋ, ಅದು ಬಂದ ಮ್ಯಾಲನ ನನಗ ಬಿಪಿ ಹತ್ತೇದ" ಎಂದರು. ಅದೇ ವರ್ಷದ ಆಗಸ್ಟಿಗೆ ಆ ಅಧ್ಯಕ್ಷ ಚುನಾವಣೆ ಮಾಡಿ ತನಗೇ ನೂರಕ್ಕೆ ಎಂಬತ್ತು ಮತ ಬಂತೆಂದು ಸಾರಿಕೊಂಡ, ಜನ ಬೀದಿಗಿಳಿದರು. ಪಂದ್ಯ ನಿಲ್ಲಿಸದವನು ಫಲಿತಾಂಶವನ್ನೂ ತಾನೇ ಬರೆದುಕೊಳ್ಳುತ್ತಾನೆಂದು ಆಗ ಗೊತ್ತಾಯಿತು.

ಮೇ ತಿಂಗಳಿಗೆ ವಾಸ್ಕೋದ ಹುಡುಗರು ಊರಿಗೆ ಬಂದರು. ಬಂದವರನ್ನು ಶಾಲೆಯಲ್ಲಿ ಇಟ್ಟರು. ಮನೆಯವರು ದೂರದಿಂದಲೇ ಬುತ್ತಿ ಕೊಟ್ಟು ಹೋಗಬೇಕು. ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಗೇಟಿನ ಹೊರಗೆ ಕಟ್ಟೆಯ ಮೇಲೆ ಇಟ್ಟು ಎರಡು ಮಾರು ಹಿಂದೆ ಸರಿದು ನಿಲ್ಲಬೇಕು, ಆಮೇಲೆ ಮಗ ಬಂದು ಎತ್ತಿಕೊಳ್ಳಬೇಕು. ದುಡಿಯಲು ಹೋದ ಮಗ ವರ್ಷದ ಮೇಲೆ ಬಂದಾನೆ, ಅವ್ವ ಮುಟ್ಟುವಂತಿಲ್ಲ. ಮೊದಲೆರಡು ದಿನ ಆ ಹುಡುಗರು ಹಾಸಿಗೆ ಬಿಟ್ಟು ಏಳಲಿಲ್ಲ. ಆಮೇಲೆ ಒಬ್ಬನ ಚೀಲದಿಂದ ಚೆಂಡು ಹೊರಬಿತ್ತು.

ಎರಡು ಕಡೆ ಎರಡೆರಡು ಸಿಮೆಂಟಿನ ಇಟ್ಟಂಗಿ, ಅದೇ ಗೋಲು. ನೆಲ ಎಷ್ಟು ಗಟ್ಟಿ ಎಂದರೆ ಚೆಂಡು ಪುಟಿದರೆ ಧ್ವಜದ ಕಂಬದ ಎತ್ತರಕ್ಕೆ ಹೋಗುತ್ತಿತ್ತು. ಕಾಂಪೌಂಡಿನ ಹೊರಗೆ ಮೊದಲು ನಾನೊಬ್ಬ, ಮರುದಿನ ಐದಾರು ಮಂದಿ, ಮೂರನೆಯ ದಿನ ಗೋಡೆಯ ಮೇಲೆ ಜಾಗ ಸಾಲಲಿಲ್ಲ. ಬೈನಾದಲ್ಲಿ ಬೆಳೆದ ಒಬ್ಬ ಹುಡುಗ ಎಡಗಾಲಲ್ಲಿ ಚೆಂಡನ್ನು ಎಳೆದು ಮೂವರನ್ನು ದಾಟಿಸಿದಾಗ, ಜನ್ಮದಲ್ಲಿ ಫುಟ್‌ಬಾಲ್ ನೋಡದ ನಮ್ಮೂರ ಮಂದಿ ಹೋ ಎಂದು ಎದ್ದುನಿಂತರು. ಊರಿನ ಆಶಾ ಕಾರ್ಯಕರ್ತೆ ಅಕ್ಕ ಓಡಿ ಬಂದಳು. "ಅಂತರ ಕಾಯ್ರೋ ಅಂದ್ರ ಒಬ್ಬರ ಮ್ಯಾಲೊಬ್ಬರು ಬೀಳ್ತೀರಲ್ಲೋ!" ಎಂದು ಚೀರಿದಳು. ಒಳಗಿನಿಂದ ಉತ್ತರ ಬಂತು: "ಗೋಲಕೀಪರ್ ಕಾಯಾಕತ್ತಾನ ನೋಡ್ರಿ ಅಕ್ಕಾ!" ಆಕೆಗೂ ನಗು ಬಂತು, ಆದರೆ ಚೆಂಡು ಕಸಿದುಕೊಂಡು ಹೋದಳು. ಸಂಬಳ ಕಡಿಮೆ, ಬೈಗುಳ ಹೆಚ್ಚು, ಮನೆಮನೆ ತಿರುಗಬೇಕು. ಆ ದಿನಗಳಲ್ಲಿ ಊರಿನ ರೆಫರಿ ಎಂದರೆ ಆಕೆಯೇ. ಮೇ 16ಕ್ಕೆ ಜರ್ಮನಿಯ ದೊಡ್ಡ ಲೀಗ್ ಶುರುವಾದಾಗ ಅಲ್ಲಿ ಒಬ್ಬನೇ ಒಬ್ಬ ಪ್ರೇಕ್ಷಕ ಇರಲಿಲ್ಲ. ನಮ್ಮ ಶಾಲೆಯ ಗೋಡೆಯ ಮೇಲೆ ಜರ್ಮನಿಗಿಂತ ಹೆಚ್ಚು ಮಂದಿ ಇದ್ದರು.

ಖಾಲಿ ಮೈದಾನದ ಪಂದ್ಯಕ್ಕೆ ಟಿವಿಯವರು ಹಳೆಯ ಗದ್ದಲದ ಧ್ವನಿಮುದ್ರಣ ಹಾಕತೊಡಗಿದರು. ಮೊಬೈಲಿನಲ್ಲಿ ಮಂಗಳಾಷ್ಟಕ ಹಾಕಿ ನಾಲ್ಕು ಮಂದಿ ಅಕ್ಕಿಕಾಳು ಹಾಕಿದ ಆ ವರ್ಷದ ಮದುವೆಗಳ ಹಾಗೆಯೇ ಇತ್ತು ಅದು. ಲಿವರ್‌ಪೂಲ್ ಮೂವತ್ತು ವರ್ಷ ಕಾದು ಲೀಗ್ ಗೆದ್ದು ಕಪ್ಪೆತ್ತಿದ್ದು ಖಾಲಿ ಗ್ಯಾಲರಿಗೆ. ನವೆಂಬರಿನಿಂದ ನಮ್ಮ ಐಎಸ್‌ಎಲ್ ಪೂರ್ತಿ ಗೋವಾದ ಮೂರು ಮೈದಾನಗಳಲ್ಲಿ ಬಾಗಿಲು ಮುಚ್ಚಿಕೊಂಡು ನಡೆಯಿತು. ಆ ಮೂರರಲ್ಲಿ ನನ್ನ ತಿಲಕ್ ಮೈದಾನವೂ ಒಂದು. ಆಟಗಾರರನ್ನು ತಿಂಗಳುಗಟ್ಟಲೆ ಹೋಟೆಲಿನಲ್ಲಿ ಹೊರಗೆ ಬಿಡದೆ ಇಟ್ಟು ಅದಕ್ಕೆ ಬಯೋಬಬಲ್ ಎಂದರು. ಏನೋ ಹೊಸದು ಕಂಡುಹಿಡಿದ ಹಾಗೆ ಪೇಪರಿನವರು ಬರೆದರು. 2019ರ ಜುಲೈಯಲ್ಲಿ ಬಂಡೆದ್ದ ನಮ್ಮ ಶಾಸಕರು ಮುಂಬೈಯ ಹೋಟೆಲಿನಲ್ಲಿ ಇದ್ದದ್ದು ಇನ್ನೇನು? ಹೊರಗಿನ ಸೋಂಕು ತಗಲಬಾರದು, ಎದುರು ಪಾಳಯದವರ ಕೈ ತಗಲಬಾರದು. ಈ ವಿದ್ಯೆಯಲ್ಲಿ ಕರ್ನಾಟಕ ಜಗತ್ತಿಗಿಂತ ಮುಂದಿತ್ತು.

ನನ್ನ ತಕರಾರು ಇಲ್ಲಿಂದ ಶುರು. ತಿಲಕ್ ಮೈದಾನದ ಬಾಗಿಲು ಮುಚ್ಚಿ ಆಡುತ್ತಿದ್ದ ಅದೇ 2020ರ ಡಿಸೆಂಬರಿನಲ್ಲಿ, 22 ಮತ್ತು 27ಕ್ಕೆ, ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಆಯಿತು. ಶಾಲೆಯ ಮುಂದೆ ಪಾಳಿ, ಪಾಳಿಯ ಮುಂದೆ ಪಾಳಿ. ಮುಖಕ್ಕೆ ಮಾಸ್ಕ್ ಇತ್ತು, ಗದ್ದಕ್ಕೆ. ಮರುವರ್ಷದ ಏಪ್ರಿಲ್ 17ಕ್ಕೆ, ಎರಡನೆಯ ಅಲೆ ಏರುತ್ತಿದ್ದಾಗ, ಬೆಳಗಾವಿ, ಮಸ್ಕಿ, ಬಸವಕಲ್ಯಾಣಗಳಲ್ಲಿ ಉಪಚುನಾವಣೆ. ಮನಗೂಳಿಯವರು 2021ರ ಜನವರಿಯಲ್ಲಿ ತೀರಿಕೊಂಡದ್ದರಿಂದ ಅಕ್ಟೋಬರ್ 30ಕ್ಕೆ ನಮ್ಮ ಸಿಂದಗಿಯ ಪಾಳಿ ಬಂತು. ಅಬ್ಬಾ, ಆ ತಿಂಗಳು! ಮುಖ್ಯಮಂತ್ರಿ ಬೊಮ್ಮಾಯಿ, ಸಿದ್ದರಾಮಯ್ಯ, ಡಿ.ಕೆ. ಶಿವಕುಮಾರ್, ಕುಮಾರಸ್ವಾಮಿ, ಯಾರ ಕಾರಿನ ಧೂಳು ಯಾರ ಕಾರಿನದೆಂದು ಹೇಳಲಿಕ್ಕೆ ಬರುತ್ತಿರಲಿಲ್ಲ. ಅಪ್ಪ ಜೆಡಿಎಸ್‌ನಲ್ಲಿದ್ದರೂ ಮಗ ಅಶೋಕ ಮನಗೂಳಿ ಕಾಂಗ್ರೆಸ್ಸಿನಿಂದ ನಿಂತರು. ಬಿಜೆಪಿಯ ರಮೇಶ ಭೂಸನೂರ 31 ಸಾವಿರಕ್ಕೂ ಹೆಚ್ಚಿನ ಅಂತರದಿಂದ ಗೆದ್ದರು. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಹಿಡಿಸುವುದು ಸುಮಾರು 25 ಸಾವಿರ ಮಂದಿ. ಅಂತರವೇ ಒಂದು ಮೈದಾನಕ್ಕೆ ಹಿಡಿಸದಷ್ಟು. 2023ಕ್ಕೆ ಅದು ತಿರುಗಿ ಅಶೋಕ ಮನಗೂಳಿ ಗೆದ್ದರು. ತಂಡ ಬದಲಿಸಲು ಫುಟ್‌ಬಾಲಿನಲ್ಲಿ ವರ್ಷಕ್ಕೆ ಎರಡು ಸಲ ಮಾತ್ರ ಬಾಗಿಲು ತೆರೆಯುತ್ತಾರೆ. 2021ರ ಆಗಸ್ಟಿನಲ್ಲಿ ಮೆಸ್ಸಿ ಬಾರ್ಸಿಲೋನಾ ಬಿಡುವಾಗ ಟಿಶ್ಯೂ ಹಿಡಿದು ಅತ್ತ. ನಮ್ಮಲ್ಲಿ ವರ್ಷವಿಡೀ ಬಾಗಿಲು ತೆರೆದಿರುತ್ತದೆ, ಅಳುವವರನ್ನು ನಾನು ಕಂಡಿಲ್ಲ.

ಲೆಕ್ಕ ಸೀದಾ ಇದೆ. ರೋಗ ಬಂದಾಗ ಆಟದವರು ಪ್ರೇಕ್ಷಕರಿಲ್ಲದೆಯೂ ಆಟ ನಡೆಯುತ್ತದೆಂದು ಕಲಿತರು. ರಾಜಕೀಯದವರು ಪ್ರೇಕ್ಷಕರಿಲ್ಲದೆ ತಮ್ಮದು ನಡೆಯುವುದಿಲ್ಲವೆಂದು ತೋರಿಸಿಕೊಂಡರು. ಮೈದಾನಕ್ಕೆ ನಾನು ಹೋದರೆ ಸೋಂಕು, ಸಭೆಗೆ ಹೋದರೆ ಪ್ರಜಾಪ್ರಭುತ್ವ. ಇದರಲ್ಲಿ ನನ್ನನ್ನು ಹೆಚ್ಚು ನೋಯಿಸಿದವರು ಆಟದವರೇ. ರಾಜಕಾರಣಿಗೆ ನಾನು ಬೇಕು ಎನ್ನುವುದಾದರೂ ಖಾತ್ರಿ. 2018ರಲ್ಲಿ ಮುಂಬೈಯಲ್ಲಿ ಚೈನೀಸ್ ತೈಪೆ ಎದುರಿನ ಪಂದ್ಯಕ್ಕೆ ಬಂದವರು ಬರೀ 2,569 ಮಂದಿ. ಆಗ ಚೆಟ್ರಿ ಫೋನಿನ ಮುಂದೆ ನಿಂತು, ಬಂದು ಬೈಯಿರಿ, ಆದರೆ ಬನ್ನಿರಿ ಎಂಬ ಅರ್ಥದಲ್ಲಿ ಕೈ ಮುಗಿದು ಬೇಡಿಕೊಂಡ. ಮುಂದಿನ ಪಂದ್ಯಕ್ಕೆ ಟಿಕೆಟ್ಟು ಸಿಗಲಿಲ್ಲ. ಹಾಗೆ ಕರೆದವರು ಎರಡೇ ವರ್ಷಕ್ಕೆ ನಮ್ಮ ಬದಲು ಟೇಪಿನ ಗದ್ದಲ ಹಾಕಿಕೊಂಡು ಆಡಿದರು.

ನಮ್ಮವರೂ ಕಡಿಮೆ ಇಲ್ಲ. 2021ರ ಮೇ ತಿಂಗಳು ಬೆಂಗಳೂರು ಎಫ್‌ಸಿ ಎಎಫ್‌ಸಿ ಕಪ್ಪಿಗಾಗಿ ಮಾಲ್ಡೀವ್ಸಿಗೆ ಹೋಗಿತ್ತು. ಇಲ್ಲಿ ಆಮ್ಲಜನಕಕ್ಕೆ ಹಾಹಾಕಾರ. ಅಲ್ಲಿ ತಂಡದ ಕೆಲವರು ನಿಯಮ ಮುರಿದು ಮಾಲೆಯ ಬೀದಿ ಸುತ್ತಿ ಸಿಕ್ಕಿಬಿದ್ದರು. ಆ ದೇಶದ ಕ್ರೀಡಾ ಸಚಿವರು ಕೂಡಲೇ ಜಾಗ ಖಾಲಿ ಮಾಡಿ ಎಂದರು, ಮಾಲೀಕರು ಕ್ಷಮೆ ಕೇಳಿದರು. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ತಂಡವೆಂದು ನಾನು ಊರೆಲ್ಲ ಸಾರಿದ್ದ ತಂಡ ಅದು. ಆ ವಾರ ಕಾಕಾ ಕೇಳುತ್ತಾರೆಂದು ಹಿತ್ತಲ ಬಾಗಿಲಿನಿಂದ ಓಡಾಡಿದೆ.

2022ರ ಸ್ವಾತಂತ್ರ್ಯ ದಿನ ನೆನಪಿರಬೇಕಲ್ಲ, ಮನೆಮನೆಗೆ ಬಾವುಟ ಹಚ್ಚಿದ ವರ್ಷ. ಬಾವುಟ ಇಳಿಸುವಷ್ಟರಲ್ಲಿ ಫಿಫಾ ಭಾರತವನ್ನು ಅಮಾನತು ಮಾಡಿದ ಸುದ್ದಿ ಬಂತು. ಫೆಡರೇಷನ್ನಿನಲ್ಲಿ ಪ್ರಫುಲ್ ಪಟೇಲರ ಅವಧಿ ಮುಗಿದರೂ ಚುನಾವಣೆ ಆಗಲಿಲ್ಲವೆಂದು ಸುಪ್ರೀಂ ಕೋರ್ಟ್ ಆಡಳಿತ ಸಮಿತಿ ನೇಮಿಸಿತ್ತು. ಹೊರಗಿನವರ ಕೈ ಆಡುತ್ತಿದೆ ಎಂದು ಫಿಫಾದ ಸಿಟ್ಟು. ಹನ್ನೊಂದು ದಿನದಲ್ಲಿ ರಾಜಿಯಾಗಿ ಅಮಾನತು ತೆಗೆದರು. ಸೆಪ್ಟೆಂಬರ್ 2ಕ್ಕೆ ಚುನಾವಣೆ. ಒಂದು ಕಡೆ ಬೈಚುಂಗ್ ಭುಟಿಯಾ, ದೇಶ ಕಂಡ ದೊಡ್ಡ ಆಟಗಾರ, ಸಿಕ್ಕಿಮಿನಲ್ಲಿ ಪಕ್ಷ ಬೇರೆ ಕಟ್ಟಿದವನು. ಇನ್ನೊಂದು ಕಡೆ ಹಿಂದೆ ಗೋಲ್‌ಕೀಪರ್ ಆಗಿದ್ದ ಬಿಜೆಪಿಯ ಕಲ್ಯಾಣ್ ಚೌಬೆ. ಚೌಬೆಗೆ 33, ಭುಟಿಯಾಗೆ 1. ಉಪಾಧ್ಯಕ್ಷರಾದವರು ಬೆಂಗಳೂರು ಶಾಂತಿನಗರದ ಕಾಂಗ್ರೆಸ್ ಶಾಸಕ ಎನ್.ಎ. ಹ್ಯಾರಿಸ್. ಅಧ್ಯಕ್ಷರು ಬಿಜೆಪಿ, ಉಪಾಧ್ಯಕ್ಷರು ಕಾಂಗ್ರೆಸ್. ನಮ್ಮ ಕಟ್ಟೆಯ ಮೇಲೆ ಈ ಎರಡು ಪಕ್ಷದವರು ಒಂದು ಬೀಡಿಯ ಕಡ್ಡಿಯನ್ನೂ ಹಂಚಿಕೊಳ್ಳುವುದಿಲ್ಲ.

ಇಷ್ಟರ ನಡುವೆಯೂ ಚಂದದ್ದು ಆಗುತ್ತದೆ. 2023ರ ಮಾರ್ಚ್ 4ಕ್ಕೆ ಸೌದಿಯ ರಿಯಾದ್‌ನಲ್ಲಿ ಸಂತೋಷ್ ಟ್ರೋಫಿಯ ಫೈನಲ್. ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿತು. ಸುನಿಲ್ ಕುಮಾರ್, ಬೇಕೆ ಓರಂ, ರಾಬಿನ್ ಯಾದವ್ ಹೊಡೆದ ಗೋಲುಗಳು, ರವಿಬಾಬು ರಾಜು ಕೋಚು. 1968-69ರಲ್ಲಿ ಮೈಸೂರು ರಾಜ್ಯ ಎಂದಿದ್ದಾಗ ಗೆದ್ದ ಮೇಲೆ 54 ವರ್ಷ ಬರಿಗೈ. ಕರ್ನಾಟಕ ಎಂದು ಹೆಸರಾದ ಮೇಲೆ ಇದೇ ಮೊದಲು. ನಾನು ಪೇಢೆ ತಂದು ಬಸ್‌ ಸ್ಟ್ಯಾಂಡಿನಲ್ಲಿ ಹಂಚಿದೆ. ಇಸಿದುಕೊಂಡವರೆಲ್ಲ ಕೇಳಿದ್ದು ಒಂದೇ ಮಾತು: "ಯಾರಿಗೆ ಟಿಕೆಟ್ ಸಿಕ್ತು?" ವಿಧಾನಸಭೆ ಚುನಾವಣೆಗೆ ಆಗ ಎರಡು ತಿಂಗಳು ಉಳಿದಿತ್ತು.

ಆದ್ದರಿಂದ ಮುಂದಿನ ಪಂಚಾಯಿತಿ ಚುನಾವಣೆಗೆ ನಮ್ಮ ವಾರ್ಡಿಗೆ ಕೈ ಮುಗಿಯುತ್ತ ಬರುವವರಿಗೆ ಈಗಲೇ ಒಂದು ಅರ್ಜಿ. ಹೈಮಾಸ್ಟ್ ದೀಪ ಬೇಡ, ಕಮಾನು ಬೇಡ, ಕಮಾನಿನ ಮೇಲೆ ಹೆಸರಂತೂ ಬೇಡವೇ ಬೇಡ. ಶಾಲೆಯ ಬಯಲಿಗೆ ಕಬ್ಬಿಣದ ಪೈಪಿನ ಎರಡು ಗೋಲ್‌ಪೋಸ್ಟ್ ನಿಲ್ಲಿಸಿಕೊಡಿ. ಅಳತೆ ಬರೆದುಕೊಳ್ಳಿ: ಅಗಲ 24 ಫೂಟು, ಎತ್ತರ 8 ಫೂಟು. ಬಲೆ ನಾವು ಹೆಣೆದುಕೊಳ್ಳುತ್ತೇವೆ. ವಾಸ್ಕೋದಿಂದ ಹುಡುಗರು ಹಬ್ಬಕ್ಕೆ ಬಂದಾಗ ಪಂದ್ಯ ಇಡುತ್ತೇವೆ, ಗೋಡೆಯ ಮೇಲೆ ಕೂರಲು ಮಂದಿ ಈಗಾಗಲೇ ತಯಾರಿದ್ದಾರೆ. ಉದ್ಘಾಟನೆಗೆ ನೀವೇ ಬಂದು ಮೊದಲ ಪೆನಾಲ್ಟಿ ಹೊಡೆಯಿರಿ. ಕೀಪರ್‌ಗೆ ನಾವು ಮೊದಲೇ ಹೇಳಿಟ್ಟಿರುತ್ತೇವೆ.